ಕತೆಗಳಲ್ಲಿನ ನಾಳೆ ಎಷ್ಟು ನಿಜ?

ಪ್ರಶ್ನೆ: ಸಿನಿಮಾ, ಕಾದಂಬರಿಗಳು ತೋರಿಸುವ ಮುಂದಿನ ಇಪ್ಪತ್ತು–ಮೂವತ್ತು ವರ್ಷಗಳ ತಂತ್ರಜ್ಞಾನ ನಿಜಕ್ಕೆ ಎಷ್ಟು ಹತ್ತಿರ?

ಉತ್ತರ: ಉಪಕರಣಗಳ ಊಹೆ ಎಷ್ಟೋ ಸಲ ಸರಿಯಾಗುತ್ತದೆ, ಕಾಲದ ಲೆಕ್ಕಾಚಾರ ಮಾತ್ರ ತಪ್ಪುತ್ತದೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಗಗನಯಾತ್ರಿಗಳು ಊಟ ಮಾಡುತ್ತಾ, ಮೇಜಿನ ಮೇಲಿನ ತೆಳುವಾದ ಪರದೆಯಲ್ಲಿ ಟಿವಿ ಸಂದರ್ಶನ ನೋಡುತ್ತಾರೆ. ಥೇಟ್ ಇಂದಿನ ಟ್ಯಾಬ್ಲೆಟ್! ಅದೇ ಚಿತ್ರದಲ್ಲಿ ಪ್ಯಾನ್ ಆ್ಯಮ್ ವಿಮಾನಯಾನ ಕಂಪನಿಯ ನೌಕೆ ಪ್ರಯಾಣಿಕನನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯುತ್ತದೆ. ಚಂದ್ರನ ಮೇಲೆ ನೆಲೆಯೂ ಇದೆ. ವಾಸ್ತವದಲ್ಲಿ ಚಂದ್ರನ ನೆಲೆಯ ಮಾತು ಹಾಗಿರಲಿ, ಆ ಕಂಪನಿಯೇ 1991ರಲ್ಲಿ ಬಾಗಿಲು ಹಾಕಿತು.

1982ರ ‘ಬ್ಲೇಡ್ ರನ್ನರ್’ ಕತೆ ನಡೆಯುವುದು 2019ರ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಕಾರುಗಳು ಹಾರುತ್ತವೆ, ಮನುಷ್ಯರನ್ನೇ ಹೋಲುವ ಕೃತಕ ಜೀವಿಗಳಿದ್ದಾರೆ. ಆದರೆ ನಾಯಕ ಫೋನ್ ಮಾಡಬೇಕೆಂದರೆ ಬಾರಿನ ಗೋಡೆಯಲ್ಲಿರುವ ವಿಡಿಯೊ ಫೋನನ್ನೇ ಹುಡುಕಬೇಕು. ಜೇಬಿನಲ್ಲಿ ಮೊಬೈಲ್ ಇಲ್ಲ!

ಕಾರಣವಿಷ್ಟೆ: ಲೇಖಕರು ತಮ್ಮ ಕಾಲದ ಓಟವನ್ನೇ ಮುಂದಕ್ಕೆ ಎಳೆಯುತ್ತಾರೆ. ರೈಟ್ ಸಹೋದರರ 1903ರ ಹಾರಾಟದಿಂದ 1969ರ ಚಂದ್ರಯಾನಕ್ಕೆ ಬರೀ 66 ವರ್ಷ. ಅದೇ ವೇಗ ಮುಂದುವರಿಯುತ್ತದೆಂದು ನಂಬಿದ್ದು ಸಹಜ. ಆದರೆ ಬಾಹ್ಯಾಕಾಶ ಯಾನ ದುಬಾರಿಯಾಗಿಯೇ ಉಳಿಯಿತು, 1972ರಲ್ಲಿ ಅಪೊಲೊ ಚಂದ್ರಯಾನಗಳು ನಿಂತವು. ಇತ್ತ ಕಂಪ್ಯೂಟರ್ ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಅಗ್ಗವಾಗಿ ಜೇಬಿಗಿಳಿದವು. ಯಂತ್ರವನ್ನು ಊಹಿಸಿದಷ್ಟು ಸುಲಭವಾಗಿ ಅದರ ಬೆಲೆಯನ್ನು, ಬೇಡಿಕೆಯನ್ನು, ಕಾನೂನಿನ ತೊಡಕನ್ನು ಊಹಿಸಲಾಗದು.

ಆದ್ದರಿಂದ ಇಂಥ ಕತೆಗಳನ್ನು ಪಂಚಾಂಗದಂತೆ ಓದಬೇಡಿ. ಬರೆದ ಕಾಲದ ಜನರ ಆಸೆ, ಅಂಜಿಕೆ ತಿಳಿಯಲು ಓದಿ. ಆ ವಿಷಯದಲ್ಲಿ ಅವು ನಂಬಿಕಸ್ಥ.