ಬಿಸಿಲಿಗೆ ಬಾಗಿದ ಪ್ಲೇಟು, ಮೈಕ್‌ಸೆಟ್‌ನವನ ಕೈಚಳಕ

ಬಾಗಲಕೋಟೆ ಸೀಮೆಯಲ್ಲಿ ಈಗ ಡಿಜೆ ಅಂದರೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಆಳೆತ್ತರ ಒಟ್ಟಿದ ಸ್ಪೀಕರು, ಪೆನ್ ಡ್ರೈವಿನಲ್ಲಿ ತುಂಬಿ ತಂದ ಹಾಡು. ಪ್ಲೇಟೂ ಇಲ್ಲ, ಸೂಜಿಯೂ ಇಲ್ಲ. ಅವೆರಡನ್ನೂ ಇಟ್ಟುಕೊಂಡು ಇದೇ ಕೆಲಸವನ್ನು ಹಿಂದೆ ಮಾಡಿದವನು ಮೈಕ್‌ಸೆಟ್‌ನವನು. ಒಂದು ಆಂಪ್ಲಿಫೈಯರು, ಬೇವಿನ ಟೊಂಗೆಗೆ ಬಿಗಿಯುವ ಹಾರ್ನು, ಒಂದು ರೆಕಾರ್ಡ್ ಪ್ಲೇಯರು, ತಗಡಿನ ಟ್ರಂಕಿನ ತುಂಬ ಪ್ಲೇಟು, ಕರೆಂಟಿಲ್ಲದ ಊರಿಗೆಂದು ಬ್ಯಾಟರಿ. ಮದುವೆ, ಕುಬಸ, ಜಾತ್ರೆ, ನಾಟಕ ಎಂದು ಕರೆದ ಕಡೆ ಹೋಗಿ ಹಾಡು ಹಚ್ಚುವುದು ಅವನ ಕಸಬು. ಹಾಡು ಹಚ್ಚಲು ಯಾರಿಗಾದರೂ ಬರುತ್ತದೆ. ಸೊಟ್ಟಾದ ಪ್ಲೇಟಿನಿಂದ ನೆಟ್ಟಗಿನ ಹಾಡು ತೆಗೆಯುವುದು ಮಾತ್ರ ಎಲ್ಲರಿಗೂ ಬರುತ್ತಿರಲಿಲ್ಲ. ಮೈಕ್‌ಸೆಟ್‌ನವನ ನಿಜವಾದ ಕಸುಬುದಾರಿಕೆ ಇದ್ದದ್ದು ಅಲ್ಲೇ ಎಂಬುದು ನನ್ನ ಎಣಿಕೆ.

ಪ್ಲೇಟು ಸೊಟ್ಟಾಗಲು ಈ ಸೀಮೆಯ ಬಿಸಿಲೇ ಸಾಕು. ಒಂದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನ ಜೀವ ಅರಗು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯ ಅರಗೇ ಇದು: ಮರದ ಟೊಂಗೆಯ ಮೇಲೆ ಕೂತ ಕೀಟ ಸುರಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ, ಕಾಯಿಸಿ ಅಚ್ಚೊತ್ತುತ್ತಿದ್ದರು. ಗ್ರಾಮಫೋನ್ ಕಂಪನಿ 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು, 1928ರಲ್ಲಿ ಡಮ್‌ಡಮ್‌ಗೆ ಹೋಯಿತು. ನಾಯಿಯ ಚಿತ್ರದ ಪ್ಲೇಟುಗಳು ನಮ್ಮ ಕಡೆಗೆ ಬಂದದ್ದು ಅಲ್ಲಿಂದ. ಅರಗು 50 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಆಮೇಲೆ ಬಂದ ವಿನೈಲ್ ಪ್ಲಾಸ್ಟಿಕ್ಕು ಇನ್ನಷ್ಟು ಕಾವು ತಡೆದೀತು, ಆದರೆ 60 ದಾಟಿದರೆ ಅದರದೂ ಭರವಸೆಯಿಲ್ಲ. ಮೇ ತಿಂಗಳಲ್ಲಿ ಇಲ್ಲಿಯ ನೆರಳಿನ ತಾಪವೇ 40 ಮುಟ್ಟುತ್ತದೆ. ಬಾದಾಮಿಯಿಂದ ಹುನಗುಂದಕ್ಕೆ ಬಸ್ಸಿನ ಟಾಪಿನ ಮೇಲೆ ಹೋಗುವ ತಗಡಿನ ಟ್ರಂಕಿನ ಒಳಗೆ ಎಷ್ಟಿರಬೇಕು? ಮದುವೆ ಸುಗ್ಗಿಯೂ ಅದೇ ಬೇಸಿಗೆಯಲ್ಲಿ.

ಈ ಮಣ್ಣಿಗೂ ಪ್ಲೇಟಿಗೂ ಹಳೆಯ ನಂಟು. ಅಮೀರ್‌ಬಾಯಿ ಕರ್ನಾಟಕಿ ಇದೇ ಜಿಲ್ಲೆಯ ಬೀಳಗಿಯವರು. ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೂ ಸೇರಿದರು, 1965ರಲ್ಲಿ ತೀರಿಕೊಂಡರು. ಅವರ ಬದುಕಿನ ಬಗ್ಗೆ ರಹಮತ್ ತರೀಕೆರೆ ಬರೆದ ಪುಸ್ತಕವಿದೆ. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗಾತಿಯಾದರು. ಬೀಳಗಿಯ ಹುಡುಗಿಯ ದನಿ ಮುಂಬಯಿಯಲ್ಲಿ ಮುದ್ರಣವಾಗಿ, ಕಲ್ಕತ್ತಾದಲ್ಲಿ ಅಚ್ಚಾಗಿ, ಬಾಗಲಕೋಟೆಗೆ ಮರಳಿ ಬಂದು ಬಿಸಿಲಿಗೆ ಬಾಗುವುದು! ಹುನಗುಂದ ಸೀಮೆಯ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆದ ಮೇಲೆ, ರಾಜಕುಮಾರ್ ದನಿಯ ಎಮ್ಮೆಯ ಹಾಡೂ ಪ್ಲೇಟಾಗಿ ಹೀಗೇ ಊರಿಗೆ ಬಂತು. ಬಾದಾಮಿ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾದರೆ ಕಂಪನಿ ನಾಟಕಗಳು ತಿಂಗಳುಗಟ್ಟಲೆ ಅಲ್ಲೇ ಬೀಡು ಬಿಡುತ್ತವೆ. ಪರದೆ ಏಳುವ ಮೊದಲು ಜನರನ್ನು ಕರೆಯುವುದಕ್ಕೆ ಹಾರ್ನಿನ ಹಾಡೇ ಬೇಕು.

ಸೊಟ್ಟ ಪ್ಲೇಟು ಎರಡು ಬಗೆ. ಒಂದು, ಅಂಚಿನಲ್ಲಿ ಒಂದೆಡೆ ಮಾತ್ರ ಎದ್ದದ್ದು. ಇನ್ನೊಂದು, ಇಡಿಯಾಗಿ ಪರಾತದ ಹಾಗೆ ತಗ್ಗು ಬಿದ್ದದ್ದು. ಅಂಚು ಎದ್ದಿದ್ದರೆ ಸೂಜಿ ಪ್ರತಿ ಸುತ್ತಿಗೂ ಏರಿ ಇಳಿಯುತ್ತದೆ. 78ರ ವೇಗದಲ್ಲಿ ಇದು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ. 45ರ ವೇಗದಲ್ಲಿ ಒಂದು ಸುತ್ತಿಗೆ 1.33 ಸೆಕೆಂಡು. ಏರುವಾಗ, ಇಳಿಯುವಾಗ ಗೆರೆಯ ಮೇಲೆ ಸೂಜಿ ಸಾಗುವ ವೇಗ ತುಸು ಹೆಚ್ಚುಕಮ್ಮಿಯಾಗಿ ಸ್ವರ ತೇಲಾಡುತ್ತದೆ. ಏರು ಕಡಿದಾಗಿದ್ದರೆ ಸೂಜಿ ಗಾಳಿಗೆ ಹಾರಿ ನಾಲ್ಕು ಗೆರೆ ಆಚೆ ಬೀಳುತ್ತದೆ. “ತಮ್ಮಾ, ಆ ಪ್ಲೇಟ ಅಳಾಕತ್ತೈತಿ, ಬ್ಯಾರೇದ ಹಚ್ಚಪಾ” ಎಂದು ಹಂದರದಿಂದ ಹಿರಿಯರೊಬ್ಬರು ಕೂಗುವಷ್ಟರಲ್ಲಿ ಮೈಕ್‌ಸೆಟ್‌ನವನ ಮಾನ ಹೋಗಿರುತ್ತದೆ.

ಅವನ ಮೊದಲ ಮದ್ದು ನಾಣ್ಯ. ಕೀಲಿ ಕೊಡುವ ಹಳೆಯ ಗ್ರಾಮಫೋನಿನ ತಲೆ ನೂರು ಗ್ರಾಮಿಗೂ ಹೆಚ್ಚು ಭಾರ ಹಾಕಿ ಪ್ಲೇಟನ್ನು ಒತ್ತುತ್ತಿತ್ತು, ಅದಕ್ಕೆ ಸಣ್ಣಪುಟ್ಟ ಸೊಟ್ಟು ಲೆಕ್ಕಕ್ಕಿರಲಿಲ್ಲ. ಕರೆಂಟಿನ ಪ್ಲೇಯರಿನ ತಲೆ ಕೆಲವೇ ಗ್ರಾಮಿನದು, ಹಗುರ. ಅದರ ಮೇಲೆ ನಾಲ್ಕಾಣೆ ಇಟ್ಟರೆ ಎರಡೂವರೆ ಗ್ರಾಂ ಕೂಡುತ್ತದೆ, ಎಂಟಾಣೆ ಇಟ್ಟರೆ ಐದು. ಸೂಜಿ ನೆಲ ಬಿಡುವುದಿಲ್ಲ. ಬದಲಿಗೆ ಗೆರೆ ಸವೆಯುತ್ತದೆ. ಮದುವೆಗೊಂದು ಪ್ಲೇಟು ಬಲಿ ಎಂಬ ಲೆಕ್ಕದಲ್ಲಿ ಕಸಬು ನಡೆಯುವುದಿಲ್ಲವಾದ್ದರಿಂದ, ಯಾವ ಪ್ಲೇಟಿಗೆ ನಾಲ್ಕಾಣೆ, ಯಾವುದಕ್ಕೆ ಎಂಟಾಣೆ, ಯಾವುದನ್ನು ನಾಣ್ಯವಿಲ್ಲದೆಯೇ ದಾಟಿಸಬಹುದು ಎಂಬುದು ತಲೆಯಲ್ಲಿರಬೇಕು.

ಎರಡನೆಯದು ಪ್ಲೇಟನ್ನು ಕೂರಿಸುವ ರೀತಿ. ಪರಾತದಂಥ ಪ್ಲೇಟಿನ ಉಬ್ಬು ಮೇಲಿದ್ದರೆ ಅಂಚು ಸುತ್ತಲೂ ಊರಿಕೊಂಡು ಸ್ಥಿರವಾಗಿ ತಿರುಗುತ್ತದೆ. ತಗ್ಗು ಮೇಲಿದ್ದರೆ ನಡುವಷ್ಟೇ ತಾಗಿ, ಅಂಚು ಅಂತರದಲ್ಲಿ ನಿಂತು, ಸೂಜಿ ಇಟ್ಟೊಡನೆ ಜಗ್ಗುತ್ತದೆ, ಜಾರುತ್ತದೆ. ಅಡಿಗೆ ಬಟ್ಟೆಯ ಸಿಂಬಿ ಇಟ್ಟೋ ನಡುವಿಗೆ ಭಾರ ಹೇರಿಯೋ ದಾಟಿಸಬೇಕು. ಅಂಚು ಎದ್ದ ಪ್ಲೇಟಿಗೆ ಸುಲಭದ ದಾರಿ ಬೇರೆ ಇದೆ. ಹಾವಳಿ ಹೆಚ್ಚು ಹೊರಗಿನ ಗೆರೆಗಳಲ್ಲಿ, ಒಳಗೆ ಹೋದಂತೆ ಕಡಿಮೆ. ಆದ್ದರಿಂದ ಮೊದಲ ನಾಲ್ಕಾರು ಗೆರೆ ಬಿಟ್ಟು, ಹಾಡು ಏರುವ ಜಾಗಕ್ಕೇ ಸೂಜಿ ಇಳಿಸುವುದು. ಮುನ್ನುಡಿಯ ವಾದ್ಯ ಹೋಯಿತೆಂದು ಹಂದರದಲ್ಲಿ ಯಾರೂ ಜಗಳ ತೆಗೆಯುವುದಿಲ್ಲ.

ಮೂರನೆಯದು ಹಾಡಿನ ಆಯ್ಕೆ. ನನಗೆ ಬಲು ಮೆಚ್ಚಿಗೆ ಇದು. ಉದ್ದಕ್ಕೆ ಎಳೆದ ಸ್ವರದಲ್ಲಿ ತೇಲಾಟ ಥಟ್ಟನೆ ಕಿವಿಗೆ ಬೀಳುತ್ತದೆ: ಶಹನಾಯಿ, ಹಾರ್ಮೋನಿಯಂ, ಆಲಾಪ. ಢೋಲಕ್ಕು, ಚಪ್ಪಾಳೆ, ಬಿರುಸಿನ ಮಾತಿನ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ಅಂದರೆ ಸೊಟ್ಟಾದ ಪ್ಲೇಟು ಶಹನಾಯಿಯದಾಗಿದ್ದರೆ ಅಕ್ಕಿಕಾಳಿನ ಹೊತ್ತಿಗೆ ಅದನ್ನು ಹಚ್ಚಬಾರದು; ಎಮ್ಮೆಯ ಹಾಡಿನಂಥದ್ದಾಗಿದ್ದರೆ ಧೈರ್ಯವಾಗಿ ಹಚ್ಚಬಹುದು. ಎಪ್ಪತ್ತೆಂಟರ ಒಂದು ಬದಿ ಮೂರು ನಿಮಿಷ ಚಿಲ್ಲರೆಗೆ ಮುಗಿಯುತ್ತಿದ್ದ ಕಾಲದಲ್ಲಿ ಈ ತೀರ್ಮಾನವನ್ನೂ ಅಷ್ಟರೊಳಗೇ ಮಾಡಬೇಕಿತ್ತು.

ದೂರದ ನ್ಯೂಯಾರ್ಕಿನಲ್ಲೂ ಇದೇ ಕಥೆ. 1973ರ ಆಗಸ್ಟ್ 11ರಂದು ಅಲ್ಲಿಯ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಪಾರ್ಟಿಗೆ ಎರಡು ಪ್ಲೇಯರ್ ಇಟ್ಟು ಹಾಡು ಹಚ್ಚಿದ್ದನ್ನೇ ಹಿಪ್‌ಹಾಪ್‌ನ ಹುಟ್ಟು ಎನ್ನುತ್ತಾರೆ. ಅವನ ಹಿಂದೆ ಬಂದವರೂ ಸೂಜಿಯ ತಲೆಗೆ ನಾಣ್ಯ ಅಂಟಿಸಿದವರೇ. ಪ್ಲೇಟನ್ನು ಹಿಂದೆ ಮುಂದೆ ಎಳೆಯುವ ಅವರಿಗೆ ಸೊಟ್ಟು ಇನ್ನೂ ದೊಡ್ಡ ಪೀಡೆ: ಹಿಂದಕ್ಕೆ ಎಳೆಯುವಾಗ ಉಬ್ಬು ಬಂದರೆ ಸೂಜಿ ಹಾರಿತೆಂದೇ ಲೆಕ್ಕ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರಿನ ಮೋಟಾರು ಗಟ್ಟಿ, ತೋಳಿನ ಭಾರವನ್ನು ಗ್ರಾಂ ಲೆಕ್ಕದಲ್ಲಿ ಹೊಂದಿಸಬಹುದು. ನಾಣ್ಯದ ಕೆಲಸ ತಿರುಪಿಗೆ ಹೋಯಿತು. ಒಂದು ಸಮಾಧಾನವೆಂದರೆ ಸೊಟ್ಟಿನಿಂದ ತಾಳ ಕೆಡುವುದಿಲ್ಲ. ಒಂದು ಸುತ್ತಿನೊಳಗೆ ಏರುಪೇರಾದರೂ ಸರಾಸರಿ ವೇಗ ಅಷ್ಟೇ ಇರುವುದರಿಂದ ಎರಡು ಹಾಡಿನ ಲಯ ಕೂಡಿಸಲು ಅಡ್ಡಿಯಿಲ್ಲ.

ಪ್ಲೇಟನ್ನೇ ನೆಟ್ಟಗೆ ಮಾಡುವುದು ಕಡೆಯ ಉಪಾಯ. ಕಾವಿಗೆ ಬಾಗಿದ್ದು ಕಾವಿಗೇ ನೆಟ್ಟಗಾಗುತ್ತದೆ, ಸಮತಟ್ಟಾದ ಎರಡು ಹಾಸಿನ ನಡುವೆ ಇದ್ದರೆ. ಅರಗಿನ ಪ್ಲೇಟಾದರೆ ಚೊಕ್ಕಟ ಒರೆಸಿ, ಎರಡು ಗಾಜಿನ ನಡುವೆ ಇಟ್ಟು, ಬೆಳಗಿನ ಬಿಸಿಲಿಗೆ ಹಿಡಿದು, ಮೆತ್ತಗಾಗಿ ತಾನೇ ಕುಸಿದೊಡನೆ ನೆರಳಿಗೆ ತಂದು ಮೇಲೆ ಭಾರ ಹೇರಬೇಕು. ಪೂರ್ತಿ ಆರುವವರೆಗೆ ಕೈ ಹಚ್ಚಬಾರದು. ವಿನೈಲಿಗೆ ಇಷ್ಟು ಅವಸರ ಸಲ್ಲದು: 55 ಡಿಗ್ರಿಯಷ್ಟು ಹದವಾದ ಕಾವು, ತಾಸುಗಟ್ಟಲೆ. ಕಾವು ಮಿತಿ ಮೀರಿದರೆ ಪ್ಲೇಟೇನೋ ಹಲಗೆಯಂತಾಗುತ್ತದೆ, ಗೆರೆ ಕರಗಿ ಹಾಡು ಹೋಗಿರುತ್ತದೆ. ಮನೆಯ ಹಂಚಿನ ಮೇಲೆ, ಇಸ್ತ್ರಿ ಪೆಟ್ಟಿಗೆಯಿಂದ ಎಂದು ಹೇಳಿಕೊಡುವವರ ಮಾತು ಕೇಳಬೇಡಿ.

ಭಾರಕ್ಕೆ ಇಳಕಲ್ಲಿನವರು ಬೇರೆಲ್ಲೂ ಹುಡುಕಬೇಕಿಲ್ಲ. ಸೀರೆಯಷ್ಟೇ ಹೆಸರಾದ ಅಲ್ಲಿಯ ಕೆಂಪು ಗ್ರಾನೈಟಿನ ಪಾಲಿಶ್ ಮಾಡಿದ ತುಂಡು ಇದಕ್ಕೆ ಹೇಳಿ ಮಾಡಿಸಿದಂಥದ್ದು. 32 ಸೆಂಟಿಮೀಟರ್ ಚೌಕ, 2 ಸೆಂಟಿಮೀಟರ್ ದಪ್ಪದ ಹಾಸು ಸುಮಾರು ಐದೂವರೆ ಕಿಲೋ ತೂಗುತ್ತದೆ, ಎಲ್.ಪಿ. ಪ್ಲೇಟನ್ನು ಅಂಚಿನವರೆಗೂ ಮುಚ್ಚುತ್ತದೆ. ಕಲ್ಲು ನಿಧಾನ ಆರುವುದೂ ಲಾಭವೇ. ಬಾದಾಮಿಯ ಮರಳುಗಲ್ಲು ಮಾತ್ರ ಬೇಡ, ತರಿ ಗೆರೆಗಿಳಿಯುತ್ತದೆ.

ಹಾಗೆಂದು ಸೊಟ್ಟಾದುದನ್ನೆಲ್ಲ ತಿದ್ದಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಸೂಜಿ ಹಾರದೆ ಓಡುವ ಪ್ಲೇಟನ್ನು ಓಡಲು ಬಿಡಬೇಕು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದ ಮೇಲೆ ಟ್ರಂಕುಗಳು ಅಟ್ಟ ಸೇರಿದವು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಮಂದಿ ನವನಗರಕ್ಕೆ ಸಾಮಾನು ಸಾಗಿಸಿದಾಗ ಎಷ್ಟೋ ಅಟ್ಟಗಳು ಖಾಲಿಯಾದವು. ಉಳಿದವು ಗುಜರಿಯಲ್ಲಿ, ಸಂತೆಯಲ್ಲಿ ಇನ್ನೂ ಕಣ್ಣಿಗೆ ಬೀಳುತ್ತವೆ. ಕೊಳ್ಳುವಾಗ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಮೇಲೆ ನೋಟ ಹಾಯಿಸಿ ನಿಧಾನ ತಿರುಗಿಸಿ. ಅಂಚಿನಿಂದ ಗೆರೆಯೊಳಗೆ ಸೀಳು ಇಳಿದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬರೀ ಸೊಟ್ಟಿದ್ದರೆ ಅದನ್ನೇ ತೋರಿಸಿ ಅರ್ಧ ಬೆಲೆಗೆ ಕೇಳಿ, ತಂದು ಹಚ್ಚಿದೊಡನೆ ಒಂದು ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮತ್ತೆ ಇಡುವಾಗ ಗೋಡೆಗೆ ಒರಗಿಸದೆ ಲಂಬವಾಗಿ, ಒತ್ತೊತ್ತಾಗಿ, ಪಡುವಣ ಗೋಡೆಯಿಂದ ದೂರವಿಡಿ. ಮಧ್ಯಾಹ್ನದ ಮೇಲೆ ಕಾಯುವುದು ಆ ಗೋಡೆಯೇ.