ಭೂಮಿಗೆ ಮೂರು ಸುತ್ತು ತಂತಿ

ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಹೊರಚಾಚಿದವರಿಗೆಲ್ಲ ಗಾಳಿಯ ತೂಕ ಗೊತ್ತು. ಬಸ್ಸಿನ ವೇಗ ಗಂಟೆಗೆ 60 ಕಿ.ಮೀ. ಇದ್ದರೆ ಅಂಗೈಯನ್ನು ಒತ್ತುವುದು ಸುಮಾರು ಕಾಲು ಕೆ.ಜಿ. ಗಾಳಿ 180 ಕಿ.ಮೀ.ಗೆ ಏರಿದರೆ? ವೇಗ ಮೂರು ಪಟ್ಟು, ಒತ್ತಡ ಮಾತ್ರ ಒಂಬತ್ತು ಪಟ್ಟು! ಮನೆಯ ಮುಂಬಾಗಿಲು ಎರಡು ಚದರ ಮೀಟರ್ ಇದೆ ಎನ್ನಿ, ಅದರ ಮೇಲೆ 310 ಕೆ.ಜಿ.; ಐವತ್ತು ಕೆ.ಜಿ.ಯ ಆರು ಅಕ್ಕಿ ಮೂಟೆ ಒಮ್ಮೆಲೇ ಬಂದು ಒರಗಿದಂತೆ. 30×40 ಸೈಟಿನಷ್ಟು ದೊಡ್ಡ ಹೋರ್ಡಿಂಗ್ ಎದುರಾದರೆ 17 ಟನ್. ಬೆಳೆದ ನಾಲ್ಕು ಆನೆಗಳ ತೂಕವೆಲ್ಲ ಒಮ್ಮೆಲೇ ಒರಗಿದಂತೆ, ಅದೂ ಗಂಟೆಗಟ್ಟಲೆ.

2019ರ ಮೇ 3ರ ಬೆಳಿಗ್ಗೆ ಒಡಿಶಾದ ಪುರಿಗೆ ಬಂದ ಗಾಳಿ ಇದೇ. ಚಂಡಮಾರುತದ ಹೆಸರು ಫೋನಿ, ಬಾಂಗ್ಲಾದೇಶ ಕೊಟ್ಟದ್ದು, ಅರ್ಥ ಹಾವಿನ ಹೆಡೆ. ವಂದೇ ಭಾರತ್ ರೈಲು ಪ್ರಯೋಗದ ಓಟದಲ್ಲಿ ಮುಟ್ಟಿದ ವೇಗ ಇದರ ಸಾಮಾನ್ಯ ವೇಗ. ಮಧ್ಯೆ ಬೀಸಿದ ಹೊಡೆತಗಳು 205 ಕಿ.ಮೀ. ಅದು ಬರುವ ಮೊದಲೇ 12 ಲಕ್ಷ ಜನರನ್ನು ಮನೆಗಳಿಂದ ಎಬ್ಬಿಸಿ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಬಸ್ಸಿಗೆ ಐವತ್ತು ಜನರಂತೆ ಕೂರಿಸಿದರೆ 24,000 ಬಸ್ಸು. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ನಿಲ್ಲಿಸಿದರೆ ಬೆಂಗಳೂರಿನಿಂದ ಹೊರಟ ಸಾಲು ದಾವಣಗೆರೆ ದಾಟುತ್ತದೆ!

ಆದರೆ ಫೋನಿ ಗಾಳಿಗಳ ಲೋಕದಲ್ಲಿ ದೊಡ್ಡಣ್ಣನಲ್ಲ. 1999ರ ಅಕ್ಟೋಬರ್ 29ರಂದು ಇದೇ ಒಡಿಶಾಕ್ಕೆ ಅಪ್ಪಳಿಸಿದ ಮಹಾಚಂಡಮಾರುತದ ಗಾಳಿ 260 ಕಿ.ಮೀ., ದೊಡ್ಡ ಜೆಟ್ ವಿಮಾನ ನೆಲ ಬಿಡುವ ವೇಗ. ಅಂದು ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. 1996ರ ಏಪ್ರಿಲ್ 10ರಂದು ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ ‘ಒಲಿವಿಯಾ’ ಚಂಡಮಾರುತದ ಒಂದು ಹೊಡೆತ 408 ಕಿ.ಮೀ. ಮುಟ್ಟಿತು. ಆ ವೇಗದಲ್ಲಿ ಹೊರಟರೆ ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತೊಂದೇ ನಿಮಿಷ. ಪ್ರತಿ ಚದರ ಮೀಟರಿಗೆ ಅದು ಹೇರುವ ಭಾರ 800 ಕೆ.ಜಿ. ದಸರೆಯ ಚಿನ್ನದ ಅಂಬಾರಿಯೇ 750 ಕೆ.ಜಿ.! ಅದನ್ನು ಹೊರಲು ಆನೆಗೆ ವಾರಗಟ್ಟಲೆ ತಾಲೀಮು ಬೇಕು. ಇಲ್ಲಿ ಒಂದೊಂದು ಕಿಟಕಿಗೂ ಒಂದೊಂದು ಅಂಬಾರಿ.

ಅಗಲ ನೋಡುವುದಾದರೆ 1979ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎದ್ದ ‘ಟಿಪ್’ ಇದೆ. ಅಡ್ಡಳತೆ 2,220 ಕಿ.ಮೀ. ಬೀದರದಿಂದ ಚಾಮರಾಜನಗರದವರೆಗಿನ ನಮ್ಮ ಕರ್ನಾಟಕವನ್ನು ಉದ್ದಕ್ಕೆ ಮೂರು ಸಲ ಜೋಡಿಸಿದಷ್ಟು. ಶಕ್ತಿಯ ಲೆಕ್ಕಕ್ಕೆ ಇಳಿದರೆ ತಲೆ ತಿರುಗುತ್ತದೆ. ಬಲಿತ ಚಂಡಮಾರುತವೊಂದು ಮೋಡ ಕಟ್ಟಿ ಮಳೆ ಸುರಿಸುವಾಗ ಎರಡು ದಿನದಲ್ಲಿ ಬಿಡುವ ಶಾಖ, ಇಡೀ ಜಗತ್ತು ಒಂದು ವರ್ಷ ಉರಿಸುವ ವಿದ್ಯುತ್ತಿಗೆ ಹೆಚ್ಚುಕಡಿಮೆ ಸಮ.

ಇಂಥದ್ದರ ಎದುರು ನಾವು ನಿಲ್ಲಿಸಿರುವುದು ಎಂಟು ಮೀಟರಿನ ಕರೆಂಟ್ ಕಂಬ.

ಫೋನಿ ಕೆಡವಿದ ಕಂಬಗಳು ಸುಮಾರು 1.56 ಲಕ್ಷ. ಸೆಕೆಂಡಿಗೊಂದರಂತೆ ಎಣಿಸುತ್ತ ಕೂತರೆ ಊಟ ನಿದ್ದೆ ಬಿಟ್ಟು 43 ಗಂಟೆ. ಎಂಟು ಮೀಟರಿನಂತೆ ಉದ್ದಕ್ಕೆ ಮಲಗಿಸುತ್ತ ಹೋದರೆ, ಹಕ್ಕಿ ಹಾರುವ ನೇರದಲ್ಲಿ ಬೆಂಗಳೂರಿನಿಂದ ಪುರಿ ಮುಟ್ಟಿ ಇನ್ನೂ ಎಂಬತ್ತು ಕಿ.ಮೀ.ಗೆ ಆಗುವಷ್ಟು ಉಳಿಯುತ್ತವೆ. ಜೊತೆಗೆ ಹನ್ನೊಂದು ಸಾವಿರ ಟಿ.ಸಿ.ಗಳು, ಅಂದರೆ ಟ್ರಾನ್ಸ್‌ಫಾರ್ಮರ್‌ಗಳು. ಕತ್ತಲಾದದ್ದು 25 ಲಕ್ಷ ಗ್ರಾಹಕರಿಗೆ.

ಇನ್ನು ತಂತಿ. ಹಾನಿಗೊಂಡ ಮಾರ್ಗಗಳಲ್ಲಿ 33 ಕೆ.ವಿ.ಯದು 5,030 ಕಿ.ಮೀ., 11 ಕೆ.ವಿ.ಯದು 38,613, ಮನೆಗಳಿಗೆ ಹೋಗುವ ಎಲ್‌.ಟಿ. ಲೈನು 79,485. ನಂಬಲಾಗದೆ ಮೂರು ಸಲ ಕೂಡಿದೆ: 1,23,128 ಕಿ.ಮೀ. ಭೂಮಿಯ ಸುತ್ತಳತೆ 40,075. ಮೂರು ಸುತ್ತು ಸುತ್ತಿದ ಮೇಲೂ ಸುಮಾರು ಮೂರು ಸಾವಿರ ಕಿ.ಮೀ. ಕೈಯಲ್ಲಿರುತ್ತದೆ! 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ 147 ಕಿ.ಮೀ. ಲೈನು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಅಂಥ 837 ಲೈನುಗಳಿಗೆ ಒಂದೇ ಗಾಳಿಯ ಪೆಟ್ಟು.

ಇದನ್ನು ಸರಿಮಾಡಿದ್ದು ಮನುಷ್ಯರ ಕೈ. ನಾವು ಪವರ್‌ಮ್ಯಾನ್, ಲೈನ್‌ಮ್ಯಾನ್ ಅಂತ ಕರೆಯುವ, ಕರೆಂಟ್ ಹೋದಾಗ ಮಾತ್ರ ನೆನಪಾಗುವ ಮನುಷ್ಯರು. ಒಡಿಶಾದವರ ಜೊತೆಗೆ ಆಂಧ್ರದಂಥ ನೆರೆರಾಜ್ಯಗಳಿಂದಲೂ ಬಂದರು. ಗಾಳಿ ನಿಂತಿತು, ಅಪಾಯ ನಿಲ್ಲಲಿಲ್ಲ. ಮನೆಯ 230 ವೋಲ್ಟಿಗೆ ಹೋಲಿಸಿದರೆ 11 ಕೆ.ವಿ. ಲೈನು 48 ಪಟ್ಟು. ಲೈನಿಗೆ ಕರೆಂಟ್ ಕಡಿದಿದೆ ಎಂಬ ಖಾತ್ರಿ, ಅಂದರೆ ಲೈನ್ ಕ್ಲಿಯರ್ ಪಡೆದು, ಎರಡೂ ಬದಿ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತಿಂಗ್ ಮಾಡಿಯೇ ಹತ್ತಬೇಕು. ಏಕೆಂದರೆ ಯಾರದೋ ಮನೆಯ ಜನರೇಟರ್ ತಪ್ಪಾಗಿ ಲೈನಿಗೆ ಸೇರಿದ್ದರೆ ಅದೇ ಟಿ.ಸಿ. ಹಿಮ್ಮುಖವಾಗಿ ದುಡಿದು, ಮನೆಯ ವೋಲ್ಟನ್ನು ಸಾವಿರಗಳಿಗೆ ಏರಿಸಿ ಸತ್ತ ತಂತಿಗೆ ಜೀವ ಕೊಡುತ್ತದೆ. ಎದೆಬಡಿತ ಕೆಡಲು ಬೇಕಾದದ್ದು ಎಷ್ಟು? ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಹಳೆಯ ನಲವತ್ತು ವ್ಯಾಟಿನ ಬಲ್ಬು ಉರಿಯಲು ಅದಕ್ಕಿಂತ ಹೆಚ್ಚು ಕುಡಿಯುತ್ತದೆ! ಇಷ್ಟೆಲ್ಲ ಸಾವಿರ, ಲಕ್ಷಗಳ ನಡುವೆ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಈ 0.1.

ಎಂಟು ಮೀಟರಿನ ಕಂಬದಲ್ಲಿ ನೆಲದ ಮೇಲೆ ನಿಲ್ಲುವುದು ಸುಮಾರು ಆರೂವರೆ ಮೀಟರ್. ಬಿದ್ದಷ್ಟೂ ಕಂಬಗಳನ್ನು ಮತ್ತೆ ನೆಟ್ಟು, ಒಂದೊಂದನ್ನೂ ಒಮ್ಮೆ ಹತ್ತಿದರೆ ಒಟ್ಟು ಏರಿದ ಎತ್ತರ ಸಾವಿರ ಕಿ.ಮೀ. ದಾಟುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ನಾನೂರು ಕಿ.ಮೀ. ಮೇಲೆ. ಅಲ್ಲಿಗೆ ಎರಡೂವರೆ ಸಲ, ರಾಕೆಟ್ ಇಲ್ಲದೆ, ಸೊಂಟಕ್ಕೆ ಬೆಲ್ಟು ಬಿಗಿದು, ಮೇ ತಿಂಗಳ ಕರಾವಳಿಯ ಬಿಸಿಲಲ್ಲಿ!

ಹಾಗೆ ಏರಿಸಿ ಕಟ್ಟಿದ ತಂತಿಗೆ ಸಿಕ್ಕ ಬಿಡುವು, ಫೋನಿ ಬಂದ ದಿನದಿಂದ ಎಣಿಸಿದರೂ, ಒಂದು ವರ್ಷ, ಹದಿನೇಳು ದಿನ. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂತು. ಬಂಗಾಳದಲ್ಲಿ, ಒಡಿಶಾದ ಕರಾವಳಿಯಲ್ಲಿ ಕಂಬಗಳು ಮತ್ತೆ ಮಲಗಿದವು. ಕೊರೊನಾ ಕಾಲ, ಈ ಸಲ ಲೈನ್‌ಮ್ಯಾನ್‌ಗಳು ಹೆಲ್ಮೆಟ್, ಬೆಲ್ಟಿನ ಜೊತೆ ಮಾಸ್ಕನ್ನೂ ಕಟ್ಟಿಕೊಂಡು ಹತ್ತಿದರು.