ಒಂದು ಟ್ರಕ್ಕಿಗೆ ಎರಡು ಟ್ರಾನ್ಸ್‌ಫರ್ ಕೇಸ್: ಆಮೆಯ ನಡಿಗೆಯ ಲೆಕ್ಕಾಚಾರ

ಹಳೆಯ ಮಹೀಂದ್ರಾ ಜೀಪನ್ನು ಓಡಿಸಿದವರಿಗೆ ಗೇರ್ ಕಡ್ಡಿಯ ಪಕ್ಕದಲ್ಲಿ ನಿಂತಿರುವ ಇನ್ನೆರಡು ಪುಟ್ಟ ಕಡ್ಡಿಗಳು ನೆನಪಿರುತ್ತವೆ. ಒಂದು ಮುಂದಿನ ಚಕ್ರಗಳಿಗೂ ಶಕ್ತಿಯನ್ನು ಕೊಡುವುದಕ್ಕೆ, ಇನ್ನೊಂದು ವಾಹನವನ್ನು 'ಲೋ' ಗೇರಿಗೆ ಇಳಿಸುವುದಕ್ಕೆ. ಇವೆರಡೂ ಹಿಡಿದಿರುವುದು ಗೇರ್‌ಬಾಕ್ಸಿನ ಹಿಂದೆ ಕುಳಿತಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯನ್ನು. ಘಾಟಿಯ ಕೆಸರಿಗೆ ಒಂದು ಪೆಟ್ಟಿಗೆ ಧಾರಾಳವಾಗಿ ಸಾಕು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಂಡೆ ಹತ್ತುವುದನ್ನೇ ಹವ್ಯಾಸ ಮಾಡಿಕೊಂಡವರು ಅಂಥದೇ ಎರಡನೆಯ ಪೆಟ್ಟಿಗೆಯನ್ನು ಮೊದಲನೆಯದರ ಬೆನ್ನಿಗೆ ಜೋಡಿಸುತ್ತಾರೆ. ಈ ಪದ್ಧತಿ ಹೆಚ್ಚು ಜನಪ್ರಿಯವಾದದ್ದು ಟೊಯೊಟಾದ ಸಣ್ಣ ಟ್ರಕ್ಕುಗಳಲ್ಲಿ, ಅದೂ ಕೈಯಿಂದ ಗೇರ್ ಬದಲಿಸುವ ಮಾದರಿಗಳಲ್ಲಿ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಹೈಲಕ್ಸ್ ಈ ಟ್ರಕ್ಕಿನ ವಂಶದ್ದೇ. ಅಮೆರಿಕದಲ್ಲಿ ಮಾತ್ರ ಅದು ಬಹುಕಾಲ ಹೆಸರಿಲ್ಲದೆ ಬರೀ 'ಟೊಯೊಟಾ ಟ್ರಕ್' ಆಗಿಯೇ ಮಾರಾಟವಾಯಿತು. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಮಾದರಿ ಅಲ್ಲಿಗೆ ಬಂದದ್ದು 1979ರಲ್ಲಿ. 1985ರವರೆಗಿನ ಟ್ರಕ್ಕುಗಳಲ್ಲಿ ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್, ಎಲೆಪಟ್ಟಿಯ ಸ್ಪ್ರಿಂಗು. ಬಂಡೆ ಹತ್ತುವವರು ಇಂದಿಗೂ ಆ ವರ್ಷಗಳ ಗಾಡಿಗಳನ್ನೇ ಹುಡುಕುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಟ್ರಾನ್ಸ್‌ಫರ್ ಕೇಸಿನ ರಚನೆ. ಆ ಟೊಯೊಟಾ ಪೆಟ್ಟಿಗೆಯಲ್ಲಿ ಸರಪಳಿಯಿಲ್ಲ, ಎಲ್ಲವೂ ಹಲ್ಲುಚಕ್ರ. ಮಿಗಿಲಾಗಿ, ಅದು ಬೋಲ್ಟು ಹಾಕಿ ಕೂಡಿಸಿದ ಎರಡು ಭಾಗಗಳಿಂದಾಗಿದೆ. ಮುಂಭಾಗ ವೇಗವನ್ನು ತಗ್ಗಿಸುತ್ತದೆ. ಹಿಂಭಾಗ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುತ್ತದೆ. ಹಾಗಾದರೆ ಗುಜರಿಗೆ ಬಿದ್ದ ಇನ್ನೊಂದು ಟ್ರಕ್ಕಿನಿಂದ ವೇಗ ತಗ್ಗಿಸುವ ಭಾಗವನ್ನಷ್ಟೇ ಬಿಚ್ಚಿ ತಂದು, ಗೇರ್‌ಬಾಕ್ಸಿಗೂ ಇಡೀ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಸೇರಿಸಿದರೆ? ನಡುವೆ ಬೇಕಾದದ್ದು ಒಂದು ಅಡಾಪ್ಟರ್ ತಟ್ಟೆ, ಎರಡು ದಂಡಗಳನ್ನು ಕೂಡಿಸುವ ಒಂದು ಕೊಂಡಿ. ಇದನ್ನು 1990ರ ದಶಕದಲ್ಲಿ ಮಾರಾಟದ ಸರಕನ್ನಾಗಿ ಮಾಡಿದವರಲ್ಲಿ ಪ್ರಮುಖರು ಫ್ರೆಸ್ನೊ ನಗರದ ಮಾರ್ಲಿನ್ ಝಾಯ್ಕೊವ್‌ಸ್ಕಿ. ಅವರ 'ಮಾರ್ಲಿನ್ ಕ್ರಾಲರ್' ಎಂಬ ಹೆಸರು ಆ ವಲಯದಲ್ಲಿ ಈ ಜೋಡಣೆಗೆ ಪರ್ಯಾಯಪದದಂತೆಯೇ ಬಳಕೆಯಾಗುತ್ತದೆ.

ಗುಣಾಕಾರದ ಮಹಿಮೆ

ಇಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಹೊರಳುತ್ತದೆ ಎಂಬುದೇ ಇಲ್ಲಿ ಮುಖ್ಯ ಸಂಖ್ಯೆ. ಗೇರ್‌ಬಾಕ್ಸಿನ ಒಂದನೆಯ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್‌ನ ಗೇರು, ಇವು ಮೂರನ್ನೂ ಗುಣಿಸಿದರೆ ಅದು ಸಿಗುತ್ತದೆ. ಟೊಯೊಟಾದ ಡಬ್ಲ್ಯು56 ಐದು ಗೇರಿನ ಪೆಟ್ಟಿಗೆಯಲ್ಲಿ ಒಂದನೆಯ ಗೇರಿನ ಅನುಪಾತ 3.95. ಟ್ರಾನ್ಸ್‌ಫರ್ ಕೇಸಿನ ಲೋ 2.28. ಆಕ್ಸಲ್ 4.10. ಗುಣಲಬ್ಧ ಸುಮಾರು 37. ಮಧ್ಯೆ ಇನ್ನೊಂದು 2.28 ಸೇರಿತೆಂದರೆ ಅದು 84ಕ್ಕೆ ಏರುತ್ತದೆ.

33 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2.6 ಮೀಟರ್ ಸಾಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಒಂದೇ ಪೆಟ್ಟಿಗೆಯ ಟ್ರಕ್ಕು ಗಂಟೆಗೆ 3.4 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಮನುಷ್ಯ ನಿಧಾನವಾಗಿ ನಡೆಯುವ ವೇಗವದು. ಎರಡು ಪೆಟ್ಟಿಗೆಯದು 1.5 ಕಿ.ಮೀ. ಮಾತ್ರ. ಸಪಾಟು ರಸ್ತೆಯಲ್ಲಿ ಈ ವ್ಯತ್ಯಾಸ ಹಾಸ್ಯಾಸ್ಪದವೆನಿಸಬಹುದು. ಸೊಂಟದೆತ್ತರದ ಕಗ್ಗಲ್ಲಿನ ಅಂಚಿನಿಂದ ಮುಂದಿನ ಚಕ್ರವನ್ನು ಇಳಿಸಬೇಕಾದಾಗ ಹಾಗೆನಿಸುವುದಿಲ್ಲ.

ಎರಡನೆಯ ಪೆಟ್ಟಿಗೆಯಿಂದ ಟ್ರಕ್ಕಿನ ಎಳೆಯುವ ಬಲ ಹೆಚ್ಚುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧಸತ್ಯ. 2.4 ಲೀಟರಿನ 22ಆರ್‌ಇ ಇಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 190 ನ್ಯೂಟನ್ ಮೀಟರ್. ಒಂದೇ ಪೆಟ್ಟಿಗೆಯ 37ರಿಂದ ಗುಣಿಸಿದರೂ ಟೈರಿನ ಬುಡದಲ್ಲಿ ಹುಟ್ಟುವ ಬಲ ಸುಮಾರು ಒಂದೂವರೆ ಟನ್ನಿನ ಆ ಟ್ರಕ್ಕಿನ ತೂಕವನ್ನೇ ಮೀರುತ್ತದೆ. ಅದಕ್ಕಿಂತ ಹೆಚ್ಚಿನ ಬಲ ಕೊಟ್ಟು ಪ್ರಯೋಜನವಿಲ್ಲ, ಟೈರು ಜಾರುತ್ತದೆ ಅಷ್ಟೆ. ತೊಡಕಿರುವುದು ಬೇರೆ ಕಡೆ. ಆ ಗರಿಷ್ಠ ಟಾರ್ಕ್ ಸಿಗುವುದು ಇಂಜಿನ್ 2,800 ಸುತ್ತಿನಲ್ಲಿರುವಾಗ. ಅಷ್ಟರಲ್ಲಿ ಟ್ರಕ್ಕು ಗಂಟೆಗೆ 12 ಕಿ.ಮೀ. ವೇಗದಲ್ಲಿ ಬಂಡೆಗೆ ಅಪ್ಪಳಿಸುತ್ತಿರುತ್ತದೆ. ನಿಧಾನವಾಗಿ ಹೋಗೋಣವೆಂದರೆ ಇಂಜಿನ್ ಸೊರಗಿ ನಿಂತುಬಿಡುತ್ತದೆ. ಬಲವೂ ಬೇಕು, ನಿಧಾನವೂ ಬೇಕು ಎಂಬ ಈ ಇಕ್ಕಟ್ಟನ್ನು ಎರಡನೆಯ ಪೆಟ್ಟಿಗೆ ಬಿಡಿಸುತ್ತದೆ.

ಆಕ್ಸಲ್‌ನ ಗೇರನ್ನೇ ಬದಲಿಸಿ ಇದನ್ನು ಸಾಧಿಸಬಾರದೇಕೆ ಎಂದು ಕೇಳಬಹುದು. ಅದೇ 84 ಬೇಕಾದರೆ ಆಕ್ಸಲ್ ಅನುಪಾತ 9.3 ಆಗಬೇಕಾಗುತ್ತದೆ. ಆಗ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಐದನೆಯ ಗೇರಿನಲ್ಲಿಯೂ ಇಂಜಿನ್ 5,000 ಸುತ್ತು ಕಿರುಚಬೇಕು; 4.10ರಲ್ಲಿ 2,200 ಸಾಕು. ಟ್ರಾನ್ಸ್‌ಫರ್ ಕೇಸಿನ ಸೊಗಸೆಂದರೆ 'ಹೈ'ನಲ್ಲಿ ಅದು ಇದ್ದೂ ಇಲ್ಲದಂತೆ ಶಕ್ತಿಯನ್ನು ನೇರವಾಗಿ ದಾಟಿಸಿಬಿಡುತ್ತದೆ. ವಾರವೆಲ್ಲ ಕಚೇರಿಗೆ ಹೋದ ಟ್ರಕ್ಕೇ ಭಾನುವಾರ ಸಿಯೆರಾ ನೆವಾಡಾದ ಸುಮಾರು 35 ಕಿ.ಮೀ. ಉದ್ದದ ರೂಬಿಕಾನ್ ಹಾದಿಯ ಕಗ್ಗಲ್ಲುಗಳ ಮೇಲೆ ತೆವಳಬಲ್ಲದು.

ಕ್ಲಚ್ಚಿಗೆ ಬಿಡುವು

ಆಟೊಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದು ಜಾರಿಕೊಳ್ಳುವುದರಿಂದ ಇಂಜಿನ್ ನಿಲ್ಲುವುದಿಲ್ಲ, ಹೊರಡುವಾಗ ಟಾರ್ಕ್ ಕೂಡ ಹೆಚ್ಚುತ್ತದೆ. ಮ್ಯಾನುಯಲ್ ಗಾಡಿಗೆ ಆ ಸೌಲಭ್ಯವಿಲ್ಲ. ಚಾಲಕ ಅರ್ಧ ಕ್ಲಚ್ಚಿನಲ್ಲಿ ಸಂಭಾಳಿಸುತ್ತಾನೆ, ಒಂದೆರಡು ಗಂಟೆಯಲ್ಲಿ ಸುಟ್ಟ ವಾಸನೆ ಏಳುತ್ತದೆ. ಎರಡೂ ಪೆಟ್ಟಿಗೆಗಳು ಲೋದಲ್ಲಿದ್ದಾಗ ಕ್ಲಚ್ಚನ್ನು ಜಾರಿಸುವ ಅಗತ್ಯವೇ ಬೀಳದು. ಪೆಡಲನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನೂ ಮುಟ್ಟದೆ ಬಂಡೆಯನ್ನು ಹತ್ತಬಹುದು. ಟೊಯೊಟಾದ ಕೆಲವು ಟ್ರಕ್ಕುಗಳಲ್ಲಿ ಕ್ಲಚ್ ತುಳಿಯದೆಯೇ ಸ್ಟಾರ್ಟ್ ಮಾಡಲು ಅನುವಾಗುವ ಒಂದು ಗುಂಡಿಯನ್ನು ಕಂಪನಿಯೇ ಕೊಟ್ಟಿತ್ತು. ಏರಿನ ನಡುವೆ ಇಂಜಿನ್ ನಿಂತರೆ, ಗೇರಿನಲ್ಲಿ ಇರುವಂತೆಯೇ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಟ್ರಕ್ಕನ್ನು ಮುಂದೆ ತಳ್ಳುತ್ತ ಇಂಜಿನ್ನನ್ನು ಎಬ್ಬಿಸುತ್ತದೆ. ಹಿಂದಕ್ಕೆ ಉರುಳುವ ಭಯವಿಲ್ಲ. ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತವೂ ನೇರವಾಗಿ ಚಕ್ರಕ್ಕೆ ತಲುಪುತ್ತದೆ. ಬ್ರೇಕಿಗೆ ಅಷ್ಟಾಗಿ ಕೆಲಸವಿರುವುದಿಲ್ಲ.

ಇನ್ನೊಂದು ಲಾಭವನ್ನು ಹೊಸಬರು ಗಮನಿಸುವುದು ಕಡಿಮೆ. ಟೊಯೊಟಾದ ಮೂಲ ಪೆಟ್ಟಿಗೆಯಲ್ಲಿ ಲೋ ಹಾಕಿದರೆ ನಾಲ್ಕೂ ಚಕ್ರ ಕಡ್ಡಾಯ. ಮುಂದಿನ ಹೆಚ್ಚುವರಿ ಪೆಟ್ಟಿಗೆಯನ್ನು ಮಾತ್ರ ಲೋಗೆ ಇಳಿಸಿ ಹಿಂದಿನದನ್ನು ಎರಡು ಚಕ್ರದ ಹೈನಲ್ಲಿ ಬಿಟ್ಟರೆ, ಹಿಂದಿನ ಚಕ್ರಗಳಿಗಷ್ಟೇ ಲೋ ಸಿಗುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಇದು ಬಹಳ ಉಪಕಾರಿ. ಹಿಂದಿನ ಪೆಟ್ಟಿಗೆಗೆ 2.28ರ ಬದಲು 4.70ರ ಗೇರು ಹಾಕಿಸುವವರೂ ಇದ್ದಾರೆ. ಆಗ ಒಟ್ಟು ಅನುಪಾತ 170ನ್ನು ದಾಟುತ್ತದೆ. ಅಷ್ಟು ನಿಧಾನ ಎಲ್ಲರಿಗೂ ಬೇಕೇ ಎಂಬುದು ಬೇರೆ ಮಾತು. ಕೆಸರಿನಲ್ಲಿ, ಮರಳಿನಲ್ಲಿ ಚಕ್ರಕ್ಕೆ ವೇಗ ಬೇಕು, ಅಲ್ಲಿ ಇದು ಕೆಲಸಕ್ಕೆ ಬಾರದು.

ಜೋಡಣೆಯೇನೂ ಒಂದು ಬೆಳಗಿನ ಕೆಲಸವಲ್ಲ. ಉದ್ದ ಸುಮಾರು ಅರ್ಧ ಅಡಿ ಹೆಚ್ಚುವುದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಮೊಟಕುಗೊಳಿಸಬೇಕು, ಮುಂದಿನದನ್ನು ಉದ್ದ ಮಾಡಬೇಕು. ಪೆಟ್ಟಿಗೆಯನ್ನು ಹೊತ್ತ ಅಡ್ಡಪಟ್ಟಿ ಜಾಗ ಬದಲಿಸಬೇಕು. ಎರಡನೆಯ ಕಡ್ಡಿಗಾಗಿ ನೆಲಹಾಸಿನ ತಗಡಿನಲ್ಲಿ ತೂತು ಕೊರೆಯಬೇಕು. ಶೆವರ್ಲೆ ಟ್ರಕ್ಕಿನವರು ಇದೇ ಉದ್ದೇಶಕ್ಕೆ ಎನ್‌ಪಿ203 ಪೆಟ್ಟಿಗೆಯ ಮುಂಭಾಗವನ್ನು ಎನ್‌ಪಿ205ಕ್ಕೆ ಸೇರಿಸುತ್ತಾರೆ. ನಮ್ಮಲ್ಲಿ ಪರಿಚಿತವಾದ ಜಿಪ್ಸಿಯ ದಾರಿ ಬೇರೆ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ತೂಗುತ್ತದೆ, ಹಾಗಾಗಿ ಆ ಕುಲದ ಸುಜುಕಿಗಳಲ್ಲಿ ಪೆಟ್ಟಿಗೆಯೊಳಗಿನ ಗೇರುಗಳನ್ನೇ ಬದಲಿಸುವುದು ರೂಢಿ. ಭಾರತದಲ್ಲಿ ಇಂಥ ಮಾರ್ಪಾಡಿಗೆ ಕೈಹಾಕುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದುವುದು ಕ್ಷೇಮ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಮುರಿಯುವುದು ಎಲ್ಲಿ?

ಎಲ್ಲ ಗುಣಾಕಾರಕ್ಕೂ ಬೆಲೆಯಿದೆ. ಮೊದಲ ಪೆಟ್ಟಿಗೆ ಹಿಗ್ಗಿಸಿದ ಟಾರ್ಕನ್ನು ಎರಡನೆಯದು ತಾಳಿಕೊಳ್ಳಬೇಕು, ಅದರ ಮುಂದೆ ಶಾಫ್ಟು, ಅದರ ಮುಂದೆ ಆಕ್ಸಲ್. ಚಕ್ರ ಜಾರಿದರೆ ಒತ್ತಡ ಕಳೆದುಹೋಗುತ್ತದೆ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಸರಣಿಯಲ್ಲಿ ದುರ್ಬಲವಾದದ್ದು ಮುರಿಯುತ್ತದೆ. ಟೊಯೊಟಾದ ಇಡಿಯಾದ ಮುಂದಿನ ಆಕ್ಸಲ್‌ನಲ್ಲಿ ಅದು ಹೆಚ್ಚಾಗಿ ಚಕ್ರದ ಬಳಿಯ ಬರ್‌ಫೀಲ್ಡ್ ಕೀಲು, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ ಹೊತ್ತಿನಲ್ಲಿ. ಅನುಭವಿಗಳು ಹಾದಿಗೆ ಹೊರಡುವಾಗ ಅದರ ಬದಲಿಯೊಂದನ್ನು ಹೊತ್ತೇ ಹೊರಡುತ್ತಾರೆ.

ಅದಕ್ಕಿಂತ ಅಪಾಯಕಾರಿಯಾದದ್ದು ಚಾಲಕನ ಎಡಗಾಲು. ಕಡಿದಾದ ಇಳಿಜಾರಿನಲ್ಲಿ, ಎರಡೂ ಪೆಟ್ಟಿಗೆ ಲೋದಲ್ಲಿ, ಒಂದನೆಯ ಗೇರಿನಲ್ಲಿ ಇರುವಾಗ ಗಾಬರಿಯಿಂದ ಕ್ಲಚ್ ತುಳಿದರೆ ಇಂಜಿನ್ನಿನ ಹಿಡಿತ ತಪ್ಪಿ ಟ್ರಕ್ಕು ಉರುಳತೊಡಗುತ್ತದೆ. ಈಗ ಗುಣಾಕಾರ ತಿರುಗುಮುರುಗಾಗಿ ನಡೆಯುತ್ತದೆ: ಚಕ್ರಗಳು ಕ್ಲಚ್ ತಟ್ಟೆಯನ್ನು ತಮಗಿಂತ 84 ಪಟ್ಟು ವೇಗವಾಗಿ ತಿರುಗಿಸುತ್ತವೆ. ಗಂಟೆಗೆ 10 ಕಿ.ಮೀ. ವೇಗಕ್ಕೇ ತಟ್ಟೆ ನಿಮಿಷಕ್ಕೆ 5,300 ಸುತ್ತು ಮುಟ್ಟುತ್ತದೆ, 30 ಕಿ.ಮೀ.ಗೆ 16,000. ಯಾವ ಮಾಮೂಲು ಕ್ಲಚ್ ತಟ್ಟೆಯೂ ಅಷ್ಟು ವೇಗಕ್ಕೆ ತಯಾರಾದುದಲ್ಲ. ಅದು ಸಿಡಿದರೆ ಚೂರುಗಳು ಹಾರುವುದು ಚಾಲಕನ ಕಾಲುಗಳ ಬಳಿಯಲ್ಲೇ. ಆದ್ದರಿಂದ ಇಳಿಯುವಾಗ ಎರಡೂ ಕಾಲುಗಳನ್ನು ಕ್ಲಚ್ಚಿನಿಂದ ದೂರವಿಟ್ಟು, ವೇಗ ಹೆಚ್ಚೆನಿಸಿದರೆ ಬ್ರೇಕನ್ನು ಮಾತ್ರ ಹಗುರವಾಗಿ ಒತ್ತಬೇಕು. ಎದುರು ಬ್ರೇಕಿಗೆ ಇಂಜಿನ್ ನಿಂತುಹೋದರೂ ಚಿಂತೆಯಿಲ್ಲ. ಗೇರಿನಲ್ಲಿರುವ ಟ್ರಕ್ಕು ಇದ್ದಲ್ಲೇ ನಿಲ್ಲುತ್ತದೆ.